ನಾಲ್ಕನೇ ಪುಟದ ನೀಲಿ ಬಟನ್

"ಬಾರ್ಬಾ, ಕೈ ತೆಗೀರಿ! ಒತ್ತಬೇಡಿ ಇನ್ನೂ!"

ಬೆಳಗಿನ ಐದೂ ಮುಕ್ಕಾಲು. ಗ್ರೀಸಿನ ಎಲಾಸೋನಾ ಊರಾಚೆಯ ಸಹಕಾರಿ ಚೀಸ್ ಕಾರ್ಖಾನೆಯಲ್ಲಿ ಇಂದು ಹೊಸ ಟಚ್‌ಸ್ಕ್ರೀನ್‌ನ ಮೊದಲ ದಿನ. ಅದರ ಮುಂದೆ ಕುರ್ಚಿ ಹಾಕಿಕೊಂಡು ಕೂತಿರುವ ಚೀಸ್ ಮೇಸ್ತ್ರಿ, ಎಲ್ಲರೂ ಬಾರ್ಬಾ ಅಂದರೆ ದೊಡ್ಡಪ್ಪ ಎಂದು ಕರೆಯುವ ಸ್ಟೆರ್ಯೋಸ್ ಅವರ ದಪ್ಪ ಬೆರಳು ಒಂದು ನೀಲಿ ಬಟನ್ನಿನ ಹತ್ತಿರ ಹೋಗಿ ಗಾಳಿಯಲ್ಲೇ ನಿಲ್ಲುತ್ತದೆ. ಕೂಗಿದವರು ಪೊಲಿಕ್ಸೇನಿ, ಐವತ್ತೊಂದು ವರ್ಷದ ಎಲೆಕ್ಟ್ರಿಷಿಯನ್. ನಾಲ್ಕು ಯಂತ್ರಗಳನ್ನು ಈ ಒಂದು ಪರದೆಗೆ ಕಟ್ಟಿಕೊಟ್ಟವರು ಅವರೇ.

"ಯಾಕಮ್ಮಾ, ಏನು ಕೆಟ್ಟಿತು?" ಎನ್ನುತ್ತಾರೆ ಮುದುಕ.

"ಕೆಟ್ಟಿಲ್ಲ. ನಿನ್ನೆ ಮಧ್ಯಾಹ್ನ ನಾಲ್ಕನೇ ಪುಟ ಬದಲಾಯಿಸಿದ್ನಲ್ಲ, ಆಮೇಲೆ ಕೇಬಲ್ ಕಿತ್ತು ನೋಡಿಲ್ಲ. ನೋಡದೆ ಒತ್ತೋ ಹಾಗಿಲ್ಲ."

ಬಾಗಿಲಲ್ಲಿ ನಿಂತ ಸಹಕಾರ ಸಂಘದ ಅಧ್ಯಕ್ಷ ಅರ್ಗಿರಿಸ್ ಅವರಿಗೆ ಮೈ ಉರಿಯುತ್ತದೆ. ಎರಡನೇ ಹಾಲಿನ ಟ್ಯಾಂಕರ್ ಗೇಟಿನಲ್ಲಿ ಬಂದು ನಿಂತಿದೆ. ಆ ನೀಲಿ ಬಟನ್ ಒತ್ತಿ ನಾಲ್ಕನೇ ತೊಟ್ಟಿ ತೊಳೆಯದೆ ಆ ಹಾಲನ್ನು ಇಳಿಸುವಂತಿಲ್ಲ. "ಕ್ಸೇನಿ, ಶನಿವಾರ ಇಡೀ ದಿನ ಕಿತ್ತೂ ಕಿತ್ತೂ ನೋಡಿದೀಯ. ಎಲ್ಲಾ ಅಂಕಿನೂ ಸರಿಯಾಗಿ ತೋರಿಸ್ತಿದೆ. ಇನ್ನೇನು ಬೇಕು ನಿನಗೆ, ಪಾದ್ರಿ ಬಂದು ನೀರು ಚಿಮುಕಿಸಬೇಕಾ?"

"ಕರೆಸು, ಬೇಡ ಅಂದೋರ್ಯಾರು? ಅವರು ಬರೋದ್ರೊಳಗೆ ನನ್ನ ಕೆಲಸ ಮುಗಿದಿರುತ್ತೆ."

ಇಬ್ಬರೂ ಊರಿನ ಶಾಲೆಯಲ್ಲಿ ಒಂದೇ ಬೆಂಚಿನಲ್ಲಿ ಕೂತವರು. ಬೈದುಕೊಳ್ಳಲು ಅವರಿಗೆ ಮುಹೂರ್ತ ಬೇಕಿಲ್ಲ.

ಕಾರ್ಖಾನೆಯಲ್ಲಿ ಯಂತ್ರಗಳು ನಾಲ್ಕು. ಹಾಲು ತಣಿಸುವುದು ಒಂದು, ಕಾಯಿಸುವುದು ಇನ್ನೊಂದು, ಮತ್ತೆ ಮೂರನೆಯದು, ನಾಲ್ಕನೆಯದು ಹೆಪ್ಪು ಹಾಕುವ ಎರಡು ದೊಡ್ಡ ತೊಟ್ಟಿಗಳು. ಒಂದೊಂದಕ್ಕೂ ಅದರದೇ ಕಂಟ್ರೋಲರ್. ವಾಲ್ವ್ ತೆರೆಯುವುದು, ಮುಚ್ಚುವುದು, ಬಿಸಿ ನೋಡಿಕೊಳ್ಳುವುದು ಎಲ್ಲ ಈ ಪುಟ್ಟ ಡಬ್ಬಿಗಳದೇ ಕೆಲಸ. ಮೊದಲನೆಯದು ಜರ್ಮನಿಯದು, ಎರಡನೆಯದು ಇಟಲಿಯದು, ತೊಟ್ಟಿಗಳದು ಮಾತ್ರ ಅವಳಿ ಜವಳಿ. ಒಂದರ ಮಾತು ಇನ್ನೊಂದಕ್ಕೆ ತಿಳಿಯದು. ಮೂವತ್ತು ವರ್ಷ ಬಾರ್ಬಾ ಸ್ಟೆರ್ಯೋಸ್ ಒಂದೊಂದರ ಮುಂದೆಯೂ ಹೋಗಿ ನಿಂತು ಬಟನ್ ಒತ್ತಿದರು. ಈಗ ಅರವತ್ತೆಂಟು, ಎರಡೂ ಮಂಡಿ ಕೈಕೊಟ್ಟಿವೆ. ಕೂತಲ್ಲೇ ನಾಲ್ಕನ್ನೂ ನಡೆಸುವಂತಾದರೆ ಇನ್ನೂ ಕೆಲವು ವರ್ಷ ಇರುತ್ತಾರೆ, ಇಲ್ಲವಾದರೆ ಈ ವಸಂತಕ್ಕೇ ಮನೆ ಸೇರುತ್ತಾರೆ. ಅವರ ಕೈಯ ಚೀಸ್ ಬೇರೆ ಯಾರಿಗೂ ಬಾರದು. ಹಾಗಾಗಿ ಸಂಘದವರು ಕೈ ಎತ್ತಿ ಪರದೆ ತರಿಸಿದರು.

ಪೊಲಿಕ್ಸೇನಿ ಉದ್ದದ ಹಜಾರ ದಾಟಿ ಹೋಗಿ ವೈರುಗಳ ಬೀರು ತೆರೆಯುತ್ತಾರೆ. ಒಳಗೆ ನಾಲ್ಕು ಕೇಬಲ್‌ಗಳು ಒಂದು ಪೆಟ್ಟಿಗೆಗೆ ಬಂದು ಸೇರಿವೆ. ಒಂದನ್ನು ಕಿತ್ತರೆ ಯಂತ್ರವೇನೂ ನಿಲ್ಲುವುದಿಲ್ಲ, ಅದರ ಸುದ್ದಿ ಪರದೆಗೆ ಬರುವುದು ನಿಲ್ಲುತ್ತದೆ. ಆಗ ಪರದೆಯಲ್ಲಿ ಆ ಯಂತ್ರದ ಪುಟವೆಲ್ಲ ಬೂದು ಬಣ್ಣಕ್ಕೆ ತಿರುಗಬೇಕು, ಅಂಕಿಗಳ ಜಾಗದಲ್ಲಿ ಚುಕ್ಕಿಗಳು ಬರಬೇಕು. ಅದು ಅವರ ಪರೀಕ್ಷೆ. ಇಪ್ಪತ್ತಮೂರು ವರ್ಷದಲ್ಲಿ ಒಮ್ಮೆಯೂ ಬಿಟ್ಟಿಲ್ಲ.

"ಬದುಕಿರೋದನ್ನ ನೋಡಿ ಏನೂ ಗೊತ್ತಾಗಲ್ಲ," ಎನ್ನುತ್ತಾರೆ. "ಎಲ್ಲಾ ಚೆನ್ನಾಗೇ ಕಾಣುತ್ತೆ. ಯಾರು ಯಾರ ಜೊತೆ ಮಾತಾಡ್ತಿದಾರೆ ಅಂತ ತಿಳೀಬೇಕಾದ್ರೆ ಒಬ್ಬೊಬ್ಬರ ಬಾಯಿ ಮುಚ್ಚಿಸಬೇಕು."

ಈ ಬುದ್ಧಿ ಅವರಿಗೆ ಯಾರೂ ಹೇಳಿಕೊಟ್ಟದ್ದಲ್ಲ. ಲಾರಿಸಾ ನಗರದ ನೂಲಿನ ಗಿರಣಿಯಲ್ಲಿ ಅವರು ಎಂಟು ವರ್ಷ ದುರಸ್ತಿ ಕೆಲಸ ಮಾಡಿದರು. ಗಿರಣಿ ಮುಚ್ಚಿತು. ಗುಜರಿಗೆ ಹೋಗುತ್ತಿದ್ದ ನಾಲ್ಕು ಹಳೆಯ ಕಂಟ್ರೋಲರ್‌ಗಳನ್ನೂ ಸೀಳು ಬಿಟ್ಟ ಒಂದು ಪರದೆಯನ್ನೂ ಕೇಳಿ ತಂದು ಅಡುಗೆಮನೆಯ ಮೇಜಿನ ಮೇಲೆ ಹರವಿಕೊಂಡು ಕೂತರು. ಎರಡು ಚಳಿಗಾಲ! "ನಾನು ಸೊಪ್ಪು ತುಂಬಿ ಬೇಯಿಸೋ ಪೀತಾಕ್ಕೆ ಹಿಟ್ಟಿನ ಹಾಳೆ ಎಲ್ಲಿ ಲಟ್ಟಿಸಲೇ, ನಿನ್ನ ತಲೆ ಮೇಲಾ?" ಎಂದು ತಾಯಿ ದಿನಾ ರೇಗುತ್ತಿದ್ದರಂತೆ. ಆ ಮೇಜಿನ ಮೇಲೇ ನಾಲ್ಕೂ ಮೊದಲ ಬಾರಿ ಒಂದೇ ಪರದೆಗೆ ಉತ್ತರ ಕೊಟ್ಟವು. ಆಮೇಲೆ ಹೊಟ್ಟೆಪಾಡಿಗೆ ಹೊರಟಾಗ, ಹೋದ ಕಾರ್ಖಾನೆಯಲ್ಲೆಲ್ಲ ಮೊದಲ ಪ್ರಶ್ನೆ "ಎಲೆಕ್ಟ್ರಿಷಿಯನ್ ಎಲ್ಲಿ?" ಅವರ ಹಿಂದೆ ಯಾರಾದರೂ ಗಂಡಸು ವ್ಯಾನಿನಿಂದ ಇಳಿಯುತ್ತಾನೇನೋ ಎಂದು ಇಣುಕಿ ನೋಡುತ್ತಿದ್ದರು. ಇಂದು ಅವರು ನೋಡಿಕೊಳ್ಳುವುದು ಏಳು ಡೇರಿ, ಎರಡು ಎಣ್ಣೆ ಗಾಣ. ದಿನಕ್ಕೆ ನೂರು ಕಿಲೋಮೀಟರ್ ವ್ಯಾನ್ ಓಡಿಸುತ್ತಾರೆ, ಏಳುವುದು ನಾಲ್ಕಕ್ಕೆ.

"ಒಂದನೇದು ಕಿತ್ತೆ!" ಬೀರುವಿನಿಂದ ಕೂಗು ಬರುತ್ತದೆ.

"ಒಂದನೇ ಪುಟ ಸತ್ತಿತು!" ಎಂದು ಬಾರ್ಬಾ ಇಲ್ಲಿಂದ ಕೂಗುತ್ತಾರೆ.

ಮತ್ತೆ ಸಿಕ್ಕಿಸಿದರೆ ಪರದೆಗೆ ಜೀವ ಬರಲು ಎರಡು ನಿಮಿಷ ಬೇಕು. ಗೇಟಿನಲ್ಲಿ ಟ್ಯಾಂಕರ್‌ನವನು ಹಾರ್ನ್ ಬಾರಿಸುತ್ತಾನೆ. ಅರ್ಗಿರಿಸ್ ಗಡಿಯಾರ ನೋಡಿ, ಬಾಗಿಲಿಗೆ ಹೋಗಿ, ತಿರುಗಿ ಬರುತ್ತಾರೆ. ಎರಡನೆಯದು ಸತ್ತಿತು, ಬದುಕಿತು. ಮೂರನೆಯದೂ ಹಾಗೆಯೇ. ಪರದೆ ಮಿರಮಿರ ಮಿಂಚುವುದನ್ನು ನೋಡಿ ಅರ್ಗಿರಿಸ್ ತಡೆಯಲಾರದೆ, "ಎಷ್ಟು ಲಕ್ಷಣವಾಗಿದೆ ನೋಡಿ ಬಾರ್ಬಾ!" ಎಂದುಬಿಡುತ್ತಾರೆ. ಮುದುಕ ಥಟ್ಟನೆ ಪರದೆಯ ಕಡೆ ತೂ ತೂ ತೂ ಎಂದು ಉಗಿಯುತ್ತಾರೆ. "ಹೊಗಳಬೇಡವೋ, ದೃಷ್ಟಿ ತಾಗೀತು!"

"ನಾಲ್ಕು ಕಿತ್ತೆ!"

ಬಾರ್ಬಾ ಕನ್ನಡಕ ಸರಿಮಾಡಿಕೊಳ್ಳುತ್ತಾರೆ. ಬಿಸಿಯ ಅಂಕಿ ಚುಕ್ಕಿಯಾಯಿತು. ವಾಲ್ವ್‌ಗಳು ಬೂದಾದವು. "ನಾಲ್ಕನೇ ಪುಟ ಸತ್..." ಮಾತು ಅಲ್ಲಿಗೇ ನಿಲ್ಲುತ್ತದೆ. ತೊಳೆಯುವ ಬಟನ್ ಇನ್ನೂ ನೀಲಿಯಾಗಿಯೇ ಇದೆ.

"ಮಗಳೇ, ಇಲ್ಲಿ ಬಾ. ಇದೊಂದು ಸಾಯ್ತಿಲ್ಲ."

ಪೊಲಿಕ್ಸೇನಿ ಓಡಿ ಬರುತ್ತಾರೆ. ಪರದೆಗೆ ಬಗ್ಗಿ ನೋಡುತ್ತಾರೆ. ನಾಲ್ಕರ ಕೇಬಲ್ ಅಲ್ಲಿ ಬೀರುವಿನಲ್ಲಿ ಕಿತ್ತ ಹಾಗೇ ಜೋತಾಡುತ್ತಿದೆ. ಹಾಗಿದ್ದೂ ಈ ಬಟನ್ ಯಾರ ಜೊತೆಯೋ ಮಾತಾಡುತ್ತಿದೆ. ಯಾರ ಜೊತೆ ಎಂದು ಕೇಳಬೇಕಾಗಿಲ್ಲ. ನಿನ್ನೆ ಮೂರನೇ ಪುಟವನ್ನೇ ನಕಲು ಮಾಡಿ ನಾಲ್ಕನೆಯದನ್ನು ಕಟ್ಟಿದ್ದರು. ನಲವತ್ತೊಂದು ಕಡೆ 'ಮೂರು' ಇದ್ದದ್ದನ್ನು ಒಂದೊಂದಾಗಿ 'ನಾಲ್ಕು' ಮಾಡಿದ್ದರು. ಮಾಡಿದ್ದು ನಲವತ್ತು, ಈ ಬಟನ್ನಿನದು ಇನ್ನೂ 'ಮೂರು'.

ಮೂರನೇ ತೊಟ್ಟಿಯಲ್ಲಿ ಈಗ ಮೂರು ಸಾವಿರದ ಇನ್ನೂರು ಲೀಟರ್ ಕುರಿಹಾಲಿದೆ. ಮೂವತ್ತೊಂದು ಮನೆಗಳವರು ಕತ್ತಲಲ್ಲೆದ್ದು ಕರೆದದ್ದು. ಬಾರ್ಬಾ ಬಟನ್ ಒತ್ತಿದ್ದರೆ ಕಾಸ್ಟಿಕ್ ಸೋಡಾ ಬೆರೆಸಿದ ಬಿಸಿನೀರು ಆ ಹಾಲಿಗೇ ಸುರಿಯುತ್ತಿತ್ತು. ಹಳೆಯ ಕಂಟ್ರೋಲರ್‌ಗೆ ತೊಟ್ಟಿಯಲ್ಲಿ ಹಾಲಿದೆಯೋ ಇಲ್ಲವೋ ಎಂದು ನೋಡುವ ಬುದ್ಧಿ ಇಲ್ಲ. ಇಷ್ಟು ವರ್ಷ ಅದನ್ನು ನೋಡಿದ್ದು ಬಾರ್ಬಾ. ತೊಟ್ಟಿಗೆ ಬಗ್ಗಿ ಇಣುಕದೆ ಅವರು ಎಂದೂ ಬಟನ್ ಮುಟ್ಟಿದವರಲ್ಲ. ಇಲ್ಲಿ ಕುರ್ಚಿಯಲ್ಲಿ ಕೂತರೆ ತೊಟ್ಟಿ ಕಾಣುವುದಿಲ್ಲ.

ಟ್ಯಾಂಕರ್ ಹಾರ್ನ್ ಮತ್ತೆ ಕೇಳುತ್ತದೆ.

"ನಂದೇ ತಪ್ಪು ಬಿಡು," ಎನ್ನುತ್ತಾರೆ ಅರ್ಗಿರಿಸ್, ದನಿ ಇಳಿದಿದೆ. "ಎರಡೂ ಪುಟ ಒಂದೇ ಥರ ಕಾಣಲಿ ಅಂತ ನಿನ್ನೆ ಕಾಡಿದ್ದು ನಾನೇ."

"ನೀನು ಕೇಳಿದೆ. ತಪ್ಪು ಮಾಡಿದ್ದು ನಾನು. ಸುಮ್ನಿರು."

ಲ್ಯಾಪ್‌ಟಾಪ್ ತೆರೆದು ಆ ಒಂದು ಅಂಕಿ ಬದಲಾಯಿಸಲು ಅರೆ ನಿಮಿಷ ಸಾಕಾಗುತ್ತದೆ. ಪರದೆಗೆ ಮತ್ತೆ ತುಂಬಿಸಿ, ನಾಲ್ಕೂ ಕೇಬಲ್‌ಗಳನ್ನು ಮತ್ತೆ ಮೊದಲಿನಿಂದ ಕಿತ್ತು ನೋಡಲು ಇಪ್ಪತ್ತು ನಿಮಿಷ. ಈ ಸಲ ಅರ್ಗಿರಿಸ್ ಗಡಿಯಾರ ನೋಡುವುದಿಲ್ಲ. ತಾವೇ ಗೇಟಿಗೆ ಹೋಗಿ ಟ್ಯಾಂಕರ್‌ನವನಿಗೆ ಕಾಫಿ ಕೊಟ್ಟು ಕೂರಿಸಿ ಬರುತ್ತಾರೆ. ನಾಲ್ಕನೇ ಪುಟ ಈಗ ಪೂರ್ತಿ ಬೂದಾಗುತ್ತದೆ, ನೀಲಿ ಬಟನ್ನೂ ಸೇರಿ.

ಆದರೂ ಪೊಲಿಕ್ಸೇನಿಗೆ ಸಮಾಧಾನವಿಲ್ಲ. ಮೂರನೇ ತೊಟ್ಟಿಗೆ ನೀರು ತರುವ ಕೊಳವೆಯ ವಾಲ್ವನ್ನು ಕೈಯಿಂದಲೇ ತಿರುಗಿಸಿ ಬಿಗಿಯಾಗಿ ಮುಚ್ಚುತ್ತಾರೆ. ವಾಲ್ವಿನ ಹಿಂದಿನ ಕೊಳವೆಗೆ ಅಂಗೈ ಒತ್ತಿ ನಿಲ್ಲುತ್ತಾರೆ. ಬಟನ್ ಇನ್ನೂ ತಪ್ಪು ದಾರಿ ಹಿಡಿದಿದ್ದರೆ ಬಿಸಿ ಮೊದಲು ಮುಟ್ಟುವುದು ಆ ಕೈಗೆ.

"ಒತ್ತಿ, ಬಾರ್ಬಾ!"

ಮುದುಕ ಶಿಲುಬೆಯ ಗುರುತು ಮಾಡಿಕೊಂಡು ಒತ್ತುತ್ತಾರೆ. ಒಂದು ಕ್ಷಣ ಏನೂ ಇಲ್ಲ. ಆಮೇಲೆ ನಾಲ್ಕನೇ ತೊಟ್ಟಿಯ ಒಳಗೋಡೆಗೆ ನೀರು ದಬದಬ ಬಡಿಯುತ್ತದೆ, ಹಬೆ ಏಳುತ್ತದೆ. ಪೊಲಿಕ್ಸೇನಿ ಅಲುಗಾಡುವುದಿಲ್ಲ. ತೊಳೆಯುವುದು ಮುಗಿಯುವವರೆಗೂ, ಪೂರಾ ಒಂಬತ್ತು ನಿಮಿಷ, ಆ ಕೊಳವೆಯ ಮೇಲಿನ ಕೈ ತೆಗೆಯುವುದಿಲ್ಲ.

"ತಣ್ಣಗಿದೆ," ಎನ್ನುತ್ತಾರೆ ಕೊನೆಗೆ.

ಏಳೂವರೆಗೆ ಮೂರನೇ ತೊಟ್ಟಿಗೆ ಹೆಪ್ಪು ಬಿದ್ದಿದೆ. ಬಾರ್ಬಾ ತಮ್ಮ ಕುರ್ಚಿಯಲ್ಲಿ ಕಾಲು ಚಾಚಿ ಕೂತು ರೊಟ್ಟಿ ಮುರಿಯುತ್ತಿದ್ದಾರೆ. ಪೊಲಿಕ್ಸೇನಿ ಬೀರುವಿನ ಬಾಗಿಲಿನ ಒಳಮೈಗೆ ಒಂದು ಹಾಳೆ ಅಂಟಿಸುತ್ತಾರೆ. ಮುಂದೆ ಈ ಪುಟಗಳನ್ನು ಮುಟ್ಟುವವರಿಗಾಗಿ ಅದರಲ್ಲಿ ಎರಡೇ ಸಾಲು: ಏನು ತಪ್ಪಾಗಿತ್ತು, ಹೇಗೆ ಸಿಕ್ಕಿತು. ಕೆಳಗೆ ತಮ್ಮ ಹೆಸರು, ಪೂರ್ತಿಯಾಗಿ.

ಬೆಳಗಿನಿಂದ ಇಲ್ಲೇ ನೋಡುತ್ತ ನಿಂತ ನಾನು ಇದನ್ನು ಪತ್ರಿಕೆಗೆ ಬರೆಯಬಹುದೇ ಎಂದು ಕೇಳಿದರೆ ಪೊಲಿಕ್ಸೇನಿ ಮೊದಲು ನಗುತ್ತಾರೆ. ಸ್ಕ್ರೂಡ್ರೈವರ್ ಒರೆಸಿ ಜೇಬಿಗಿಡುತ್ತಾರೆ. ಇನ್ನೊಂದು ಡೇರಿಯಿಂದ ಆಗಲೇ ಎರಡು ಸಲ ಫೋನ್ ಬಂದಿದೆ.

"ಬರೀರಿ. ಆದ್ರೆ ಆ ಬಟನ್ ವಿಷಯ ಬಿಟ್ಟು ಬರೆಯೋದಾದ್ರೆ ನನ್ನ ಹೆಸರು ಹಾಕಬೇಡಿ," ಎಂದು ವ್ಯಾನ್ ಹತ್ತುತ್ತಾರೆ.