ಕರೆಗಂಟೆಯ ಸೆಲ್ಲು
ಮುಂಡರಗಿಯಲ್ಲಿ ಮನೆಯ ಮುಂಗೋಣೆಯಲ್ಲೇ ಬಳೆ ಅಂಗಡಿ ಇಟ್ಟಿರುವ ಅಯ್ಯೂಬಸಾಬರ ಹತ್ತಿರ ಯಾವ ಸೆಲ್ಲೂ ಒಂದು ಕಡೆ ನೆಲೆ ನಿಂತದ್ದಿಲ್ಲ. ಗದಗಿನ ಸಂತೆಯಿಂದ ಅಗ್ಗಕ್ಕೆ ತಂದ ಚಾರ್ಜಿಂಗ್ ಸೆಲ್ಲುಗಳವು. ಎಷ್ಟು ಹೊತ್ತು ಚಾರ್ಜಿಗಿಟ್ಟರೂ ಮಧ್ಯಾಹ್ನಕ್ಕೆ ಸುಸ್ತಾಗುತ್ತಿದ್ದವು. ರೇಡಿಯೋ ಹಾಡಬೇಕಾದರೆ ಗಡಿಯಾರ ನಿಲ್ಲಬೇಕು, ಟಾರ್ಚು ಹೊತ್ತಬೇಕಾದರೆ ರೇಡಿಯೋ ಬಾಯಿ ಮುಚ್ಚಬೇಕು. ತೀರಾ ಸೋತ ಸೆಲ್ಲುಗಳನ್ನು ಅವರು ಸಂಡಿಗೆಯಂತೆ ಮಾಳಿಗೆಯ ಬಿಸಿಲಿಗೆ ಹರವುತ್ತಿದ್ದರು. ಹೊಸವು ತನ್ನಿರೆಂದವರಿಗೆ, “ಯಾಕ್ರಿ, ಇದರಾಗ ಇನ್ನೂ ದಮ್ ಐತಿ” ಎಂಬ ಒಂದೇ ಉತ್ತರ. ಹಾಸಿಗೆ ಹಿಡಿದ ಹೆಂಡತಿ ರಮಜಾನಬಿ ಒಳಗೆ ಗುಂಡಿ ಒತ್ತಿದರೆ ಅಂಗಡಿಯಲ್ಲಿ ಸದ್ದು ಮಾಡುವ ಕರೆಗಂಟೆಗೂ ಅವೇ ಸೆಲ್ಲು. ಒಂದು ದಿನ ಗಂಟೆ ಸದ್ದು ಮಾಡಲೇ ಇಲ್ಲ. ಪಾಪ, ಇವತ್ತು ಚಲೋ ನಿದ್ದಿ ಹತ್ತೇತಿ ಎಂದುಕೊಂಡು ಅವರು ಸಂಜೆಯವರೆಗೆ ಬಳೆ ತೊಡಿಸುತ್ತ ಕೂತಿದ್ದರು. ಒಳಗೆ ಹೋದಾಗ ರಮಜಾನಬಿಯ ಜೀವ ಹೋಗಿತ್ತು, ಹೆಬ್ಬೆರಳು ಗುಂಡಿಯ ಮೇಲೆಯೇ ಇತ್ತು. ಈಗ ಗಡಿಯಾರ ನಿಂತಿದೆ, ರೇಡಿಯೋ ಮೂಕವಾಗಿದೆ. ಕರೆಗಂಟೆಗೆ ಮಾತ್ರ ದುಬಾರಿಯ ಹೊಸ ಸೆಲ್ಲು ಬಂದಿವೆ. ಬಳೆ ತೊಡಿಸುವಾಗಲೂ ಅವರ ಒಂದು ಕಿವಿ ಅದರ ಕಡೆಗೇ. ಪಕ್ಕದ ಮನೆಯ ಗದಿಗೆವ್ವ, “ಇನ್ನ ಅದನ್ನ ಒತ್ತೋರು ಯಾರದಾರ್ರಿ?” ಎಂದರೆ, ಅಯ್ಯೂಬಸಾಬರು ತಲೆ ಎತ್ತದೆ ಹೇಳುತ್ತಾರೆ: “ಇರ್ಲಿ ಬಿಡವ್ವಾ, ಕರದ್ರ ಕೇಳ್ಬೇಕಲ್ಲ.”