ಫೋನಿನಲ್ಲಿ ಓದಿದ ಒಬ್ಬಳು

ಮಕ್ಕಳು ಶಾಲೆಗೆ ಬರಬಾರದು, ಮೇಷ್ಟ್ರುಗಳು ಬರಲೇಬೇಕು ಎಂದು ಆದೇಶವಾದಾಗ ನಾನು ಅದನ್ನು ಚಾಚೂತಪ್ಪದೆ ಪಾಲಿಸಿದೆ. ಎರಡನೆಯ ಸಲ ಬಂದ ಕೊರೊನಾ ಇಳಿಯುತ್ತಿದ್ದ ಮಳೆಗಾಲ ಅದು. ನಂಜನಗೂಡಿನ ಬಾಡಿಗೆ ಮನೆಯಿಂದ ಸ್ಕೂಟರಿನಲ್ಲಿ ಹೊರಟು, ಮೂಗೂರು ದಾಟಿ, ನನ್ನ ಹಳ್ಳಿ ಶಾಲೆಯ ಬೀಗ ತೆಗೆದು, ಗಂಟೆ ಹೊಡೆದು, ಪ್ರಾರ್ಥನೆಗೆ ಯಾರೂ ಇಲ್ಲದ್ದರಿಂದ ನಾನೊಬ್ಬನೇ ಅಂಗಳದಲ್ಲಿ ಸ್ವಲ್ಪ ಹೊತ್ತು ನೆಟ್ಟಗೆ ನಿಂತು ಒಳಗೆ ಹೋಗುತ್ತಿದ್ದೆ. ನಾಡಗೀತೆಯನ್ನು ಒಬ್ಬನೇ ಹಾಡುವ ಧೈರ್ಯ ಬರಲಿಲ್ಲ. ನನ್ನ ಕಂಠದ ವಿಷಯದಲ್ಲಿ ಊರಿಗೆ ಮೊದಲೇ ಒಳ್ಳೆಯ ಅಭಿಪ್ರಾಯವಿರಲಿಲ್ಲ. ಜನ ಕಾಯಿಲೆಯಲ್ಲಿ ನೊಂದಿರುವಾಗ ಅದೂ ಯಾಕೆ ಎಂದು ಬಿಟ್ಟೆ.

ಪಾಠ ಮಾಡುವ ಕ್ರಮ ಹೀಗಿತ್ತು. ಖಾಲಿ ತರಗತಿಯ ಬೋರ್ಡಿನ ಮೇಲೆ ಬರೆಯುವುದು, ಅದರ ಫೋಟೋ ತೆಗೆಯುವುದು, ಆಮೇಲೆ ಫೋನನ್ನು ಬಾಯಿಯ ಹತ್ತಿರ ಹಿಡಿದು ವಿವರಣೆ ಹೇಳಿ ಗ್ರೂಪಿಗೆ ಕಳಿಸುವುದು. ಬರೆದು ಮುಗಿಸಿ ತಿರುಗಿ “ಅರ್ಥ ಆಯ್ತಾ?” ಎಂದು ಕೇಳುವ ಅಭ್ಯಾಸ ನನ್ನನ್ನು ಬಿಟ್ಟಿರಲಿಲ್ಲ. ಬೆಂಚುಗಳಿಗೆ ಅರ್ಥವಾಗಿದೆಯೋ ಇಲ್ಲವೋ ಎಂದು ಅರೆಗಳಿಗೆ ಕಾದು, ಆಮೇಲೆ ಡಸ್ಟರ್ ಕೈಗೆತ್ತಿಕೊಳ್ಳುತ್ತಿದ್ದೆ.

ಶಾಲೆಯಲ್ಲಿ ನನ್ನ ಜೊತೆಗಿದ್ದವರು ಇಂಗ್ಲಿಷ್ ಹೇಳಿಕೊಡುವ ಮೇಡಂ ಒಬ್ಬರು. ವಯಸ್ಸಿನಲ್ಲಿ ನನ್ನ ಮಗಳಾಗಬಹುದು. ಫೋನಿನಲ್ಲಿ ಮಾತು ರೆಕಾರ್ಡ್ ಮಾಡುವುದನ್ನು ನನಗೆ ಕಲಿಸಿದವರು ಅವರೇ. ಬಟನ್ ಒತ್ತಿಕೊಂಡೇ ಇರಬೇಕು ಎಂಬುದು ತಿಳಿಯುವ ಮೊದಲು ನಾನು ದಶಮಾಂಶ ಪದ್ಧತಿಯ ಮೇಲೆ ಒಂದು ಇಡೀ ಉಪನ್ಯಾಸವನ್ನು ಗಾಳಿಗೆ ಮಾಡಿದ್ದೆ. ನಾವಿಬ್ಬರೂ ವರಾಂಡದ ಎರಡು ತುದಿಯಲ್ಲಿ ಕುರ್ಚಿ ಹಾಕಿಕೊಂಡು ದಿನವೂ ಒಂದೇ ಜಗಳ ಆಡುತ್ತಿದ್ದೆವು. ಶಾಲೆ ತೆರೆಯಬೇಕು, ಫೋನಿನಲ್ಲಿ ಓದಿ ಉದ್ಧಾರವಾದ ಮಗುವನ್ನು ನಾನು ಕಂಡಿಲ್ಲ ಎಂದು ನಾನು. ಒಂದು ಮಗು ಮನೆಗೆ ಜ್ವರ ಹೊತ್ತುಕೊಂಡು ಹೋದರೆ ಯಾರು ಹೊಣೆ ಎಂದು ಅವರು. ಒಂದು ದಿನ ನಾನು ಸ್ವಲ್ಪ ಜೋರಾಗಿಯೇ ವಾದಿಸಿದೆನೆಂದು ಕಾಣುತ್ತದೆ.

“ನಮ್ಮನೇಲಿ ಉಬ್ಬಸದ ಅತ್ತೆ ಇದ್ದಾರೆ ಸಾರ್,” ಎಂದರು. “ನಿಮಗೇನು, ಮನೇಲಿ ಯಾರಿದ್ದಾರೆ?”

ಹೇಳಿದ ಮೇಲೆ ಅವರಿಗೇ ಕೆಡುಕೆನ್ನಿಸಿತು. ಮಾತು ಮಾತ್ರ ಸರಿಯಾಗಿಯೇ ಇತ್ತು. ನನ್ನ ಹೆಂಡತಿ ತೀರಿಕೊಂಡು ಕೆಲವು ವರ್ಷವಾಗಿತ್ತು, ಮಕ್ಕಳಿರಲಿಲ್ಲ. ನನ್ನಿಂದ ಕಾಯಿಲೆ ಹತ್ತಿಸಿಕೊಳ್ಳಬಹುದಾದ ಪ್ರಾಣಿ ಮನೆಯಲ್ಲಿ ಹಲ್ಲಿಯೊಂದೇ. ಮಾರನೆಯ ದಿನ ಅವರು ಒಂದು ಡಬ್ಬಿ ಹುಳಿ ತಂದು ಕಾಂಪೌಂಡಿನ ಗೋಡೆ ಮೇಲಿಟ್ಟು, ದೂರ ಸರಿದು ನಿಂತು, “ತಗೊಳ್ಳಿ ಸಾರ್” ಎಂದರು. ನೈವೇದ್ಯದಂತೆ ಸ್ವೀಕರಿಸಿದೆ.

ಶಾಲೆ ತೆರೆಯಬೇಕೆಂದು ನಾನು ಹಟ ಹಿಡಿದದ್ದಕ್ಕೆ ಒಬ್ಬಳು ಹುಡುಗಿ ಕಾರಣ. ಏಳನೆಯ ತರಗತಿಯವಳು. ಕೊನೆಯ ಬೆಂಚಿನಲ್ಲಿ ಗೋಡೆಗೆ ಆತುಕೊಂಡು ಕೂರುವವಳು, ಕೇಳಿದರೂ ಬಾಯಿಬಿಡದವಳು. ಇವಳ ಅಕ್ಕ ಇದೇ ಏಳನೆಯ ತರಗತಿಯಲ್ಲಿ, ನಾನು ಈ ಶಾಲೆಗೆ ಬರುವ ಮೊದಲು, ಸ್ವಲ್ಪ ದಿನ ಮನೆಯಲ್ಲಿ ಉಳಿದವಳು ಮತ್ತೆ ಬರಲೇ ಇಲ್ಲವಂತೆ. ನಮ್ಮ ಕಡೆ ಹೆಣ್ಣುಮಗು ಸ್ವಲ್ಪ ಕಾಲ ಮನೆಯಲ್ಲಿದ್ದರೆ ಸಾಕು, ಮನೆಗೆ ಉಪಯೋಗಕ್ಕೆ ಬಂದುಬಿಡುತ್ತದೆ. ಉಪಯೋಗಕ್ಕೆ ಬಂದದ್ದನ್ನು ಯಾರೂ ಹೊರಗೆ ಕಳಿಸುವುದಿಲ್ಲ. ಬಾಗಿಲು ತೆರೆದ ದಿನ ಆ ಗೋಡೆಯ ಪಕ್ಕ ಜಾಗ ಖಾಲಿ ಇರುತ್ತದೆಂಬ ಭಯ ನನಗಿತ್ತು.

ಆದರೆ ನಡೆದದ್ದೇ ಬೇರೆ. ನನ್ನ ಗ್ರೂಪಿನಲ್ಲಿ ಉತ್ತರ ಬರೆದು ಕಳಿಸುತ್ತಿದ್ದವಳು ಅವಳೊಬ್ಬಳೇ. ಉಳಿದ ನಂಬರುಗಳ ಕಥೆ ಕೇಳಬೇಡಿ. ದಾಖಲಾತಿಯ ಹೊತ್ತಿಗೆ ಫೋನ್ ನಂಬರ್ ಕೇಳಿದರೆ ಊರಿನವರು ಯಾರ ಫೋನು ಚೆನ್ನಾಗಿದೆಯೋ ಅವರ ನಂಬರ್ ಬರೆಸಿದ್ದರು. ಹೀಗಾಗಿ ನನ್ನ ಏಳನೆಯ ತರಗತಿಯಲ್ಲಿ ರಾಗಿ ಮಿಲ್ಲಿನ ಯಜಮಾನರು, ಗೊಬ್ಬರದ ಅಂಗಡಿಯವರು, ಒಬ್ಬ ಬಸ್ ಕಂಡಕ್ಟರ್ ಮುಂತಾದ ಗಣ್ಯರು ವಿದ್ಯಾರ್ಥಿಗಳಾಗಿದ್ದರು. ಭಿನ್ನರಾಶಿಯ ಪಾಠ ಕಳಿಸಿದರೆ ಮಿಲ್ಲಿನವರು ಕೈಮುಗಿದ ಚಿತ್ರ ಕಳಿಸುತ್ತಿದ್ದರು.

ಆ ಹುಡುಗಿಯ ಉತ್ತರ ಮಾತ್ರ ಸಂಜೆ ದೀಪ ಹಚ್ಚುವ ಹೊತ್ತಿಗೆ ಬರುತ್ತಿತ್ತು. ಹಾಳೆಯ ಫೋಟೋ, ದುಂಡಗಿನ ಅಕ್ಷರ, ಮೂಲೆಯಲ್ಲಿ ಹಾಳೆ ಒತ್ತಿ ಹಿಡಿದ ಒಂದು ಒರಟು ಹೆಬ್ಬೆರಳು. ಅವರಮ್ಮ ಹಿಡಿದುಕೊಂಡಿರಬೇಕು ಎಂದುಕೊಂಡೆ. ಭಿನ್ನರಾಶಿ ಕೂಡುವಾಗ ಕೆಳಗಿನ ಅಂಕಿಗಳನ್ನೂ ಕೂಡಿಬಿಡುವ ತಪ್ಪು ಅವಳಿಗೆ ಅಂಟಿತ್ತು. ಮುದ್ದೆಯನ್ನು ಅರ್ಧ ಮಾಡಿ, ಕಾಲು ಮಾಡಿ, ಫೋನಿನಲ್ಲಿ ಬಾಯಿ ಒಣಗುವ ತನಕ ಹೇಳಿದೆ. ಕೊನೆಗೊಂದು ಸಂಜೆ “ಈಗ ತಿಳಿಯಿತು ಸಾರ್” ಎಂದು ಬಂತು. ಆ ಸಂತೋಷಕ್ಕೆ ಎರಡನೆಯ ಸಲ ಕಾಫಿ ಮಾಡಿಕೊಂಡೆ. ನಮ್ಮ ಊರಿನ ಬೆಳೆಯ ಬಗ್ಗೆ ಬರೆಯಲು ಹೇಳಿದಾಗ ಹೀಗೆ ಬರೆದಿದ್ದಳು: “ಭತ್ತದ ನಾಟಿಯಲ್ಲಿ ಸೊಂಟ ಹೋಗುತ್ತದೆ. ಆದರೂ ನಾಟಿ ಮಾಡಬೇಕು, ಯಾಕೆಂದರೆ ಭತ್ತ ತಾನಾಗಿಯೇ ನಾಟಿಯಾಗುವುದಿಲ್ಲ.” ಇದನ್ನು ನಾನು ಮೇಡಂಗೆ ಓದಿ ಹೇಳಿದೆ. ನೋಡಿದ್ರಾ ಸಾರ್, ಫೋನಿನಲ್ಲೂ ಕಲೀತಾರೆ ಎಂದರು. ಒಪ್ಪಿಕೊಳ್ಳಬೇಕಾಯಿತು.

ಆ ಸಂಜೆಗಳು ನನಗೆ ಎಷ್ಟು ಬೇಕಾಗಿದ್ದವೆಂದು ಹೇಳಿಕೊಳ್ಳುವುದಕ್ಕೆ ಸಂಕೋಚ. ದೇವಸ್ಥಾನದ ಬೀದಿಯಲ್ಲಿ ಜನವಿಲ್ಲ, ಹೊಳೆಯ ಕಡೆಗೆ ಹೋಗಿ ಕೂರುತ್ತಿದ್ದ ಗೆಳೆಯರಲ್ಲಿ ಇಬ್ಬರು ಹೋಗಿಯೇಬಿಟ್ಟಿದ್ದರು. ಅನ್ನಕ್ಕಿಡುವ ಮೊದಲು ಆ ಒಂದು ಹಾಳೆ ತಿದ್ದಿ, ಶಹಬ್ಬಾಸ್ ಎಂದು ಬರೆದು ಕಳಿಸಿದರೆ, ದಿನದಲ್ಲಿ ಒಬ್ಬರೊಡನೆ ಮಾತಾಡಿದ ಹಾಗಾಗುತ್ತಿತ್ತು.

ಹೀಗಿರುವಾಗ ‘ನನ್ನ ತಾಯಿ’ ಎಂಬ ಪ್ರಬಂಧ ಕೊಟ್ಟೆ. ಮೇಷ್ಟ್ರುಗಳಿಗೆ ಏನೂ ತೋಚದಿದ್ದಾಗ ಕೊಡುವ ವಿಷಯ ಅದು. ಸಂಜೆ ಉತ್ತರ ಬಂತು.

“ನನ್ನ ತಾಯಿ ಈಗ ಇಲ್ಲ. ಇದ್ದಾಗ ತಲೆಗೆ ಹರಳೆಣ್ಣೆ ಹಚ್ಚಿ, ಎಳೆದು ಎಳೆದು ಜಡೆ ಹಾಕುತ್ತಿದ್ದರು. ನೋವಾಗುತ್ತಿತ್ತು. ಈಗ ಎಳೆಯುವವರು ಯಾರೂ ಇಲ್ಲ.”

ಆ ದಿನಗಳಲ್ಲಿ ಸಾವಿನ ಸುದ್ದಿ ಫೋನಿನಲ್ಲಿ ಹೀಗೆಯೇ, ಮುನ್ಸೂಚನೆಯಿಲ್ಲದೆ ಬರುತ್ತಿತ್ತು. ಆ ತಾಯಿಯನ್ನು ನಾನು ಒಂದೆರಡು ಸಲ ಶಾಲೆಯಲ್ಲಿ ಕಂಡಿದ್ದೆ. ಶಹಬ್ಬಾಸ್ ಎಂದು ಬರೆಯಲು ಹೊರಟಿದ್ದ ಬೆರಳು ಹಾಗೇ ನಿಂತಿತು. ಮಗುವಿಗೆ ಅಪ್ಪ ಮೊದಲೇ ಇಲ್ಲ. ಇನ್ನು ಶಾಲೆಯ ಮಾತೆಲ್ಲಿ ಬಂತು ಎಂದು ಅಡಿಗೆ ಮಾಡದೆ ಕುಳಿತೆ.

ಬೆಳಿಗ್ಗೆ ಶಾಲೆಯ ಬೀಗವನ್ನೂ ತೆಗೆಯದೆ ನೇರವಾಗಿ ಅವರ ಮನೆಗೆ ಹೋದೆ. ದಾರಿಯುದ್ದಕ್ಕೂ ಮಾಸ್ಕಿನೊಳಗೆ ಸಾಂತ್ವನದ ಮಾತುಗಳನ್ನು ಜೋಡಿಸಿಕೊಂಡಿದ್ದೆ. ಹೋಗಿ ನೋಡಿದರೆ ತೀರಿಕೊಂಡವರು ಜಗಲಿಯ ಮೇಲೆ ಕುಳಿತು ರಾಗಿ ಕೇರುತ್ತಿದ್ದರು. ನನ್ನನ್ನು ಕಂಡು ಮೊರ ಕೆಳಗಿಟ್ಟು, ಸೆರಗಿನಿಂದ ಬಾಯಿ ಮುಚ್ಚಿಕೊಂಡು ಎದ್ದು ನಿಂತರು.

“ನೀವು... ಚೆನ್ನಾಗಿದ್ದೀರಾ ಅಮ್ಮ?” ಎಂದೆ. ಜೋಡಿಸಿಕೊಂಡಿದ್ದರಲ್ಲಿ ಈ ಮಾತು ಇರಲಿಲ್ಲ.

“ಚೆಂದಾಗಿವ್ನಿ ಸಾ. ಯಾಕ್ ಸಾ?”

ಫೋನು ತೆಗೆದು ಆ ಹಾಳೆ ತೋರಿಸಿದೆ. ಅವರು ಅದನ್ನು ನೋಡಿ ಮತ್ತೆ ಜಗಲಿಯ ಮೇಲೆ ಕುಳಿತರು. ಅಲ್ಲಿಂದಲೇ ಹೇಳಿದರು:

“ಅದು ನಮ್ಮವ್ವನ್ ಇಸ್ಯ ಸಾ. ಬಾಕಿದೆಲ್ಲ ಮಗಳಂಗೇ ಬರ್ದೆ. ಅವ್ವನ್ ಇಸ್ಯದಲ್ಲಿ ಸುಳ್ ಬರಿಯಕ್ಕೆ ಕೈ ಬರ್ನಿಲ್ಲ.”

ಆಮೇಲೆ ಎಲ್ಲ ಒಂದೊಂದಾಗಿ ಹೊರಗೆ ಬಂತು. ಮಗಳು ಊರಲ್ಲೇ ಇರಲಿಲ್ಲ. ಇವರ ತಂಗಿ ಹೆಮ್ಮರಗಾಲದಲ್ಲಿ ಹೆತ್ತಿದ್ದಳು. ಹೇಗೂ ಶಾಲೆ ಇಲ್ಲವಲ್ಲ, ಬಾಣಂತಿಗೆ ಕೈಯಾಸರೆಯಾಗಲಿ ಎಂದು ಕಳಿಸಿದರು. ಬಾಣಂತನ ಮುಗಿದು, ತಂಗಿ ನಂಜನಗೂಡಿನ ಕಡೆಯ ಫ್ಯಾಕ್ಟರಿ ಕೆಲಸಕ್ಕೆ ವಾಪಸು ಹೋಗಲು ಶುರುಮಾಡಿದ ಮೇಲೆ ತೊಟ್ಟಿಲು ಪೂರ್ತಿ ಈ ಹುಡುಗಿಯ ಪಾಲಿಗೆ ಬಂತು. ಫೋನು ತಾಯಿಯ ಹತ್ತಿರವೇ ಉಳಿಯಿತು. ಪಾಠ ಬಂದ ಹಾಗೆಲ್ಲ ತಾಯಿಗೆ ಹೆದರಿಕೆ.

“ದೊಡ್ಡವ್ಳು ಬರ್ನಿಲ್ಲ ಅಂತ ಆವತ್ತು ಎಸ್ರು ಒಡೆದಾಕ್ಬುಟ್ರು ಸಾ. ಇವ್ಳದೂ ಒಡೆದಾಕ್ಬುಟ್ರೆ? ಅದ್ಕೇ ನಾನೇ ಕೂತ್ಕಂಡು ಬರ್ದೆ. ಎಸ್ರೊಂದು ಇರ್ಲಿ ಅಂತ.”

ಅವರೂ ಏಳನೆಯ ತರಗತಿಗೇ ಬಿಟ್ಟವರಂತೆ. ದಿನವಿಡೀ ಕಂಡವರ ಗದ್ದೆಯಲ್ಲಿ ನಾಟಿ ಮಾಡಿ ಬಂದು, ಮಗಳ ಜಾಗ ಹೋಗದಿರಲಿ ಎಂದು ಭಿನ್ನರಾಶಿ ಕೂಡುತ್ತಿದ್ದರು. ನಾನು ಇಲಾಖೆಯ ಪ್ರತಿನಿಧಿಯೆಂಬ ಗತ್ತಿನಲ್ಲಿ, ಈ ವರ್ಷ ಉತ್ತರ ಬರೆಯಲಿಲ್ಲವೆಂದು ಯಾರ ಹೆಸರನ್ನೂ ಹೊಡೆದುಹಾಕುವುದಿಲ್ಲ ಎಂದು ತಿಳಿಸಿದೆ.

“ಅಂಗಾರೆ ಬರೀದಿದ್ರೂ ಆಯ್ತಿತ್ತಾ?”

“ಆಗ್ತಿತ್ತು ಕಣಮ್ಮ.”

ಅವರು ಮೊರವನ್ನು ಮತ್ತೆ ತೊಡೆಯ ಮೇಲೆ ಎಳೆದುಕೊಂಡರು. “ಬುಡಿ ಸಾ, ಗೊತ್ತಾಗ್ನಿಲ್ಲ” ಎಂದರು, ಅಷ್ಟೆ. ಶಾಲೆ ತೆರೆದ ದಿನ ಮಗಳನ್ನು ಕಳಿಸಲೇಬೇಕು ಎಂದು ಹೇಳಿ, ಕೈಮುಗಿದು ಬಂದೆ.

ಅವತ್ತು ಸಂಜೆ ಏನೂ ಬರಲಿಲ್ಲ. ಬರೆಯಬೇಕಾಗಿಲ್ಲ ಎಂದು ಬಾಯಾರೆ ಹೇಳಿ ಬಂದವನು ನಾನೇ, ಫೋನು ಕೆಟ್ಟಿದೆಯೇ ಎಂದು ಆಗಾಗ ನೋಡುತ್ತಿದ್ದವನೂ ನಾನೇ. ಮಾರನೆಯ ದಿನವೂ ಅದೇ. ಅದರ ಮಾರನೆಯ ದಿನ ಬೋರ್ಡಿನ ಮೇಲೆ ಹೊಸ ಲೆಕ್ಕಗಳನ್ನು ಬರೆದು, ಫೋಟೋವನ್ನು ಗ್ರೂಪಿಗೆ ಹಾಕಿದ್ದಲ್ಲದೆ ಆ ಒಂದು ನಂಬರಿಗೆ ಬೇರೆಯಾಗಿ ಕಳಿಸಿ, ಕೆಳಗೆ “ಉತ್ತರ ಕಳಿಸುವುದು” ಎಂದು ಸರ್ಕಾರಿ ಧಾಟಿಯಲ್ಲಿ ಬರೆದೆ. ದೀಪ ಹಚ್ಚುವ ಹೊತ್ತಿಗೆ ಉತ್ತರ ಬಂತು. ಒಂದು ತಪ್ಪಿತ್ತು. ತಿದ್ದಿದೆ. ಯಾರ ಹೆಸರಿನಲ್ಲಿ ಬರೆಯುತ್ತಿದ್ದಾರೆಂಬ ಮಾತನ್ನು ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಲೆಕ್ಕದ ಕೊನೆಯಲ್ಲಿ ಮಗಳು ಬಂದಳೇ ಎಂದು ನಾನು ಕೇಳುವುದು, ತಂಗಿ ಬಿಡುತ್ತಿಲ್ಲ ಎಂದು ಅವರು ಬರೆಯುವುದು, ಇದೂ ಪಾಠದ ಭಾಗವಾಗಿಬಿಟ್ಟಿತು.

ಕೊನೆಗೆ ಶಾಲೆ ತೆರೆಯುವ ಆದೇಶ ಬಂತು. ಅದರ ಹಿಂದಿನ ಭಾನುವಾರ ನಾನು ನಂಜನಗೂಡಿನಿಂದ ಸ್ಕೂಟರಿನಲ್ಲಿ, ಆ ತಾಯಿ ಊರಿನಿಂದ ಬಸ್ಸುಗಳಲ್ಲಿ, ಇಬ್ಬರೂ ಹೆಮ್ಮರಗಾಲಕ್ಕೆ ಹೋದೆವು. ಹುಡುಗಿ ಉದ್ದವಾಗಿದ್ದಳು. ಸೊಂಟದ ಮೇಲೆ ದಪ್ಪನೆಯ ಗಂಡುಮಗು. ನನ್ನನ್ನು ಕಂಡು ಅದೇ ಹಳೆಯ ಅಭ್ಯಾಸದಂತೆ ಗೋಡೆಗೆ ಆತು ನಿಂತಳು.

ತಂಗಿ ಕೆಟ್ಟವಳಲ್ಲ. ಚಹಾ ಮಾಡಿ ಕೊಟ್ಟಳು. ಬೆಳಿಗ್ಗೆ ಫ್ಯಾಕ್ಟರಿ ಬಸ್ ಹತ್ತಿದರೆ ಬರುವುದು ಸಂಜೆ, ಗಂಡನೂ ಕೆಲಸಕ್ಕೆ ಹೋಗುತ್ತಾನೆ, ಮಗುವನ್ನು ಯಾರ ಕೈಗೆ ಕೊಡಲಿ ಎಂದು ಅವಳು ಕೇಳಿದಳು. ಶಿಕ್ಷಣದ ಮಹತ್ವದ ಬಗ್ಗೆ ನಾಲ್ಕು ಮಾತು ಹೇಳಿದೆ. ಅವಳು ಗೌರವದಿಂದ ಕೇಳಿಸಿಕೊಂಡು ಹೇಳಿದಳು:

“ಇಸ್ಕೂಲು ಪೋನಲ್ಲೇ ನಡೀತಿತ್ತಲ್ವಾ ಸಾ, ಅಂಗೇ ನಡೀಲಿ ಬುಡಿ. ಇಲ್ಲೇ ತೊಟ್ಲು ತೂಗ್ಕಂಡು ಓದ್ಕತಾಳೆ. ದೊಡ್ಡೋರ್ ಮಕ್ಳೆಲ್ಲ ಅಂಗೇ ಓದ್ತಾವಂತೆ.”

ವರಾಂಡದಲ್ಲಿ ಮೇಡಂ ನನಗೆ ಹೇಳಿದ್ದ ಮಾತೇ ಅದು. ಆಗ ಹುಡುಗಿಯ ತಾಯಿಯೇ ಬಾಯಿಬಿಟ್ಟರು.

“ಪೋನಲ್ಲಿ ಓದ್ದೋಳು ನಾನು ಕಣೆ, ಅವ್ಳಲ್ಲ. ನಂಗೆ ಭಿನ್ನರಾಸಿ ಬತ್ತದೆ. ಅವ್ಳ ಕೇಳು, ಬರಕಿಲ್ಲ.”

ಹುಡುಗಿ ತಲೆ ತಗ್ಗಿಸಿದಳು. ತಾಯಿ ಎದ್ದು ಹೋಗಿ ಮಗಳ ಸೊಂಟದಿಂದ ಮಗುವನ್ನು ಬಿಡಿಸಿ ತಮ್ಮ ಸೊಂಟಕ್ಕೆ ಹಾಕಿಕೊಂಡರು.

“ಇವನ್ನ ನಾನ್ ಕರ್ಕೊಂಡೋಯ್ತೀನಿ. ನೀನು ಬಾನ್ವಾರ ಬಂದು ನೋಡ್ಕೊಂಡೋಗು.”

ಗದ್ದೆ ಕೆಲಸಕ್ಕೆ ಏನು ಮಾಡುತ್ತೀಯ ಎಂದು ತಂಗಿ ಕೇಳಿದಳು. ನಾಟಿ ಮುಗೀತಲ್ಲ, ಕಳೆಗೆ ಬೇರೆಯವರಿದ್ದಾರೆ ಎಂದರು. ಬಹಳ ಹೊತ್ತು ಅಕ್ಕತಂಗಿಯರ ಮಾತು ನಡೆಯಿತು, ತಂಗಿ ಸ್ವಲ್ಪ ಅತ್ತಳು. ನಾನು ಹೊರಗೆ ಸ್ಕೂಟರಿನ ಹತ್ತಿರ ಹೋಗಿ ನಿಂತೆ. ಅವರು ಹೊರಗೆ ಬಂದಾಗ ಮಗುವಿನ ಬಟ್ಟೆಯ ಚೀಲ ಹುಡುಗಿಯ ಕೈಯಲ್ಲಿತ್ತು.

ಶಾಲೆ ತೆರೆದ ದಿನ ಗೋಡೆಯ ಪಕ್ಕದ ಜಾಗ ತುಂಬಿತ್ತು. ಮೇಡಂ ಒಂದರ ಮೇಲೊಂದು ಎರಡು ಮಾಸ್ಕ್ ಹಾಕಿಕೊಂಡು, ಮಕ್ಕಳಿಗೆ ಹೂ ಕೊಟ್ಟು ಒಳಗೆ ಕರೆದರು. ಅವರ ಕಣ್ಣಿನಲ್ಲಿ ನೀರಿದ್ದದ್ದು ಮಾಸ್ಕಿನ ಮೇಲಿಂದ ಕಾಣುತ್ತಿತ್ತು. ನಾನು ಭಿನ್ನರಾಶಿಯಿಂದಲೇ ಶುರುಮಾಡಿದೆ. ಆ ಹುಡುಗಿ ಕೆಳಗಿನ ಅಂಕಿಗಳನ್ನೂ ಕೂಡಿದಳು.

ಕೆಲವು ದಿನ ಕಳೆದ ಮೇಲೆ, ಶಾಲೆ ಬಿಡುವ ಹೊತ್ತಿಗೆ ಆ ತಾಯಿ ಮಗುವನ್ನು ಎತ್ತಿಕೊಂಡು ಗೇಟಿನ ಹತ್ತಿರ ಬಂದರು. ಮಗಳ ವಿಷಯ ಕೇಳಿದರು. ಪರವಾಗಿಲ್ಲ, ಹಿಡಿದುಕೊಳ್ಳುತ್ತಾಳೆ ಎಂದೆ. ಆದರೂ ಹೋಗದೆ ನಿಂತಿದ್ದರು.

“ಇನ್ಮೇಲೆ ಪೋನ್ಗೆ ಕಳ್ಸಕ್ಕಿಲ್ವಾ ಸಾ?”

ಗ್ರೂಪಿನ ಪಾಠ ನಿಲ್ಲಿಸಿದ್ದೇವೆ, ನಿಮಗೆ ಬೇಕಾದರೆ ನಿಮಗೊಬ್ಬರಿಗೇ ಕಳಿಸುತ್ತೇನೆ ಎಂದೆ. ಸ್ವಲ್ಪ ಆತುರದಿಂದಲೇ ಹೇಳಿದೆ. ಅವರು ಯೋಚಿಸಿದರು. ಅಷ್ಟರಲ್ಲಿ ಮಗು ಅವರ ಕೈಯಲ್ಲಿದ್ದ ಫೋನನ್ನು ಎಳೆದು ಜೊಲ್ಲು ಸುರಿಸುತ್ತ ಕಚ್ಚತೊಡಗಿತು. ಅವರು ಅದನ್ನು ಬಿಡಿಸಿ ಸೆರಗಿನಲ್ಲಿ ಒರೆಸಿದರು.

“ಬ್ಯಾಡ ಬುಡಿ ಸಾ. ಇವ್ನು ಮಲಗೋ ಒತ್ಗೆ ನಂಗೂ ನಿದ್ದೆ ಬಂದೋಯ್ತದೆ.”

ಮಗಳು ಚೀಲ ಹಾಕಿಕೊಂಡು ಬಂದಳು. ಮೂವರೂ ಹೊರಟರು.

ನಾನು ಬೀಗ ಹಾಕಿ ನಂಜನಗೂಡಿಗೆ ಬಂದೆ. ಶಾಲೆ ತೆರೆಯಬೇಕೆಂದು ವಾದಿಸಿ ಗೆದ್ದವನು ನಾನು. ದಿನವಿಡೀ ಮಕ್ಕಳ ಗದ್ದಲದಲ್ಲಿ ಕಿವಿ ತುಂಬಿತ್ತು. ದೀಪ ಹಚ್ಚುವ ಹೊತ್ತಾದಾಗ, ತಿದ್ದುವುದಕ್ಕೆ ಏನೂ ಇಲ್ಲದ್ದರಿಂದ, ಅನ್ನಕ್ಕೆ ಸ್ವಲ್ಪ ಬೇಗನೇ ಇಟ್ಟೆ.