ಏರ್ ಗನ್ನಿಗೆ ಹೆಂಡತಿಯ ಒಪ್ಪಿಗೆ

ಓರೆಸ್ಟ್ ಪಲುಕ್ ಎಲ್ಲರಿಗೂ ಸಾರಿ ಹೇಳುವ ಮನುಷ್ಯ. ಸಸ್ಕ್ಯಾಚೆವನ್ ಎಂಬ ಅವನ ಗೋಧಿ ಸೀಮೆಯಲ್ಲಿ ಅದೇನು ದೊಡ್ಡ ಗುಣವಲ್ಲ ಬಿಡಿ. ಅಲ್ಲಿ ಕಾಲು ತುಳಿಸಿಕೊಂಡವನೇ ಮೊದಲು ಸಾರಿ ಅನ್ನುತ್ತಾನೆ, ತುಳಿದವನು ಆಮೇಲೆ. ಆದರೂ ಓರೆಸ್ಟ್ ಒಂದು ಕೈ ಮುಂದೆ. ಬಾಗಿಲಿಗೆ ಹಣೆ ಬಡಿದುಕೊಂಡರೆ ಬಾಗಿಲಿಗೆ ಸಾರಿ, ಟ್ರ್ಯಾಕ್ಟರ್ ಸ್ಟಾರ್ಟ್ ಆಗದಿದ್ದರೆ ಟ್ರ್ಯಾಕ್ಟರಿಗೆ ಸಾರಿ. ಇಂಥವನ ಬಾಯಿಂದ ಆ ಪದ ಹೊರಡದೆ ಹೋದದ್ದು ಒಬ್ಬಳೇ ಒಬ್ಬಳ ಎದುರು, ಹೆಂಡತಿ ವೆರ್ನಾಳ ಎದುರು. ಅವಳು ಅದಕ್ಕಾಗಿಯೇ ಕಾದು ಕಾದು ಸಾಕಾಗಿ ಪಕ್ಕದೂರಿನ ಅಕ್ಕನ ಮನೆ ಸೇರಿದ್ದಳು.

ಜಗಳಕ್ಕೆ ಮೂಲ ಗೋಫರ್. ನೆಲದೊಳಗೆ ಬಿಲ ತೋಡಿಕೊಂಡಿದ್ದು, ಹೊರಗೆ ಬಂದಾಗ ಹಿಂಗಾಲ ಮೇಲೆ ನೆಟ್ಟಗೆ ನಿಂತು ಊರಿನ ಯೋಗಕ್ಷೇಮ ವಿಚಾರಿಸುವ ಕಂದು ಅಳಿಲು ಅದು. ಕಾರ್ವಿನ್ ಎಂಬ ಆ ಪುಟ್ಟ ಊರಿನ ಗಾಲ್ಫ್ ಮೈದಾನ ನೋಡಿಕೊಳ್ಳುವುದು ಓರೆಸ್ಟನ ಕೆಲಸ. ಅಲ್ಲಿ ಚೆಂಡು ಬೀಳಬೇಕಾದ ಗುಳಿಯ ಸುತ್ತ ಹುಲ್ಲಿಲ್ಲ, ಎಣ್ಣೆ ಬೆರೆಸಿದ ಮರಳು ಹಾಸಿದೆ. ಹುಲ್ಲಿಗೆ ನೀರು ಹಾಯಿಸುವಷ್ಟು ಸಿರಿ ಆ ಊರಿಗೆಲ್ಲಿಂದ ಬರಬೇಕು? ಓರೆಸ್ಟ್ ದಿನಾ ಬೆಳಿಗ್ಗೆ ಆ ಮರಳನ್ನು ಎಳೆದು ನಯ ಮಾಡಿದರೆ, ಮಧ್ಯಾಹ್ನದೊಳಗೆ ಗೋಫರುಗಳು ಅದರಲ್ಲಿ ತಮ್ಮದೇ ಗುಳಿ ತೋಡಿ ಮುಗಿಸುತ್ತಿದ್ದವು. ಆಟಗಾರರ ಚೆಂಡು ಸರಿಯಾದ ಗುಳಿಗಿಂತ ತಪ್ಪು ಗುಳಿಗೇ ಹೆಚ್ಚು ಬೀಳುತ್ತಿತ್ತು. ಒಬ್ಬ ಮಹಾನುಭಾವ ಒಂದೇ ಏಟಿಗೆ ಗೋಫರ್ ಬಿಲಕ್ಕೆ ಚೆಂಡು ಹಾಕಿ, ಅದನ್ನೂ ದಾಖಲೆ ಅಂತ ಒಪ್ಪಿಕೊಳ್ಳಿ ಎಂದು ಇಡೀ ಬೇಸಿಗೆ ವಾದ ಮಾಡಿದ.

ಹಾಳಾದವು ಮೈದಾನ ಸಾಲದೆ ಓರೆಸ್ಟನ ಹಿತ್ತಲಿಗೂ ಬಂದವು. ಹೋದ ಬೇಸಿಗೆಯಲ್ಲಿ ಅವನು ಒಂದು ಬಿಲಕ್ಕೆ ನೀರಿನ ಪೈಪು ತುರುಕಿ, ನಲ್ಲಿ ತಿರುಗಿಸಿ, ಅದು ತುಂಬುವಷ್ಟರಲ್ಲಿ ಕಾಫಿ ಕುಡಿದು ಬರೋಣವೆಂದು ಕೋ-ಆಪ್ ಅಂಗಡಿಗೆ ಹೋದ. ಬೆಳಗಾದರೆ ಊರಿನ ಮುದುಕರೆಲ್ಲ ಅಲ್ಲಿ ಒಂದೇ ಮೇಜಿನ ಸುತ್ತ ಕೂತು ಮಳೆ, ಗೋಧಿ, ಕಂಡವರ ಮನೆ ಸಮಾಚಾರ ಎಲ್ಲವನ್ನೂ ಇತ್ಯರ್ಥ ಮಾಡುತ್ತಾರೆ. ಕಾಫಿ ಸಾಲು ಎಂದು ಅದಕ್ಕೆ ಹೆಸರು. ಅವತ್ತಿನ ವಿಷಯ ಗೋಫರ್ ಕೊಲ್ಲುವ ಉಪಾಯಗಳು, ಹಾಗಾಗಿ ಮಾತು ಬೇಗ ಮುಗಿಯಲಿಲ್ಲ. ಓರೆಸ್ಟ್ ಮನೆಗೆ ಬಂದು ನೋಡುತ್ತಾನೆ, ಬಿಲದ ಇನ್ನೊಂದು ಬಾಯಿ ಇದ್ದದ್ದು ಅವನದೇ ನೆಲಮಾಳಿಗೆಯಲ್ಲಿ. ವೆರ್ನಾ ಚಳಿಗಾಲವಿಡೀ ಕೂತು ಹೊಲಿದ ಕೌದಿಗಳು ನೀರಲ್ಲಿ ತೇಲುತ್ತಿದ್ದವು, ಮೇಲಿನ ಕೌದಿಯಲ್ಲೊಂದು ಗೋಫರ್ ಕೂತು ಮೈ ಒರೆಸಿಕೊಳ್ಳುತ್ತಿತ್ತು.

ಓರೆಸ್ಟ್ ಆ ಗೋಫರಿಗೆ ಸಾರಿ ಅಂದ. ಅಭ್ಯಾಸಬಲ, ಏನು ಮಾಡುವುದು. ಮೆಟ್ಟಿಲ ಮೇಲೆ ನಿಂತಿದ್ದ ವೆರ್ನಾಳಿಗೆ ಮಾತ್ರ, "ಪೈಪು ಸ್ವಲ್ಪ ಉದ್ದ ಆಯ್ತೇನೋ" ಅಂದುಬಿಟ್ಟ.

ನೆಲಮಾಳಿಗೆ ಒಣಗುವವರೆಗೆ ಐರಿಸ್ ಅಕ್ಕನ ಮನೆಯಲ್ಲಿರುತ್ತೇನೆ ಎಂದು ಹೇಳಿ ಅವಳು ಹೊರಟಳು. ನೆಲಮಾಳಿಗೆ ಒಣಗಿತು. ಹಿಮ ಬಿತ್ತು, ಹಿಮ ಕರಗಿತು. ಅವಳು ಬರಲಿಲ್ಲ, ಇವನು ಕರೆಯಲಿಲ್ಲ. ಕೌದಿಗಳನ್ನು ತೊಳೆದು ಒಣಗಿಸಿ ಅವಳ ಕುರ್ಚಿಯ ಮೇಲೆ ಮಡಚಿಟ್ಟ. ಅವುಗಳ ಎದುರು ಕೂತು ತಿನ್ನಲಾರದೆ ಒಲೆಯ ಪಕ್ಕ ನಿಂತುಕೊಂಡೇ ಊಟ ಮುಗಿಸುತ್ತಿದ್ದ. ಮನುಷ್ಯ ಒಳಗೊಳಗೇ ಸೊರಗಿಹೋದ. ಹಾಗೆಂದು ಒಂದು ಫೋನ್ ಮಾಡಿ ಆ ಎರಡಕ್ಷರ ಹೇಳುವುದಕ್ಕೇನು ರೋಗ ಅಂತ ನೀವು ಕೇಳಬಹುದು. ಊರವರೂ ಅದನ್ನೇ ಕೇಳುತ್ತಿದ್ದರು. ಬಾಗಿಲಿಗೆ, ಟ್ರ್ಯಾಕ್ಟರಿಗೆ ಹೇಳುವ ಸಾರಿ ಬಾಯಿಚಪಲ. ವೆರ್ನಾಳಿಗೆ ಹೇಳಬೇಕಾದ್ದು ನಿಜವಾದದ್ದು, ಅದು ಗಂಟಲಲ್ಲೇ ಸಿಕ್ಕಿಕೊಳ್ಳುತ್ತಿತ್ತು.

ವಸಂತ ಬಂತು, ಗೋಫರುಗಳು ನಿದ್ದೆ ಮುಗಿಸಿ ಎದ್ದವು. ಓರೆಸ್ಟನಿಗೂ ಒಂದು ಬುದ್ಧಿ ಹೊಳೆಯಿತು. ಈ ಕುಲವನ್ನೇ ಹಿತ್ತಲಿಂದ ನಿರ್ನಾಮ ಮಾಡಿಬಿಟ್ಟರೆ ವೆರ್ನಾ ತಾನಾಗಿ ವಾಪಸು ಬರುತ್ತಾಳೆ, ಬಾಯಿ ಬಿಡುವ ಪ್ರಮೇಯವೇ ಇರುವುದಿಲ್ಲ. ನಲವತ್ತು ವರ್ಷ ಸಂಸಾರ ಮಾಡಿದವನ ತರ್ಕ ಇದು. ಅದಕ್ಕೊಂದು ಒಳ್ಳೆಯ ಏರ್ ಗನ್ ಬೇಕು ಎಂದು ಕಾಫಿ ಸಾಲಿನಲ್ಲಿ ಬಾಯಿ ಬಿಟ್ಟ, ಬಿಟ್ಟು ಕೆಟ್ಟ.

ಗೋಧಿ ಗೋದಾಮಿನಿಂದ ನಿವೃತ್ತನಾದ ಲಾರ್ನ್ ತೆಳು ನಳಿಗೆಯೇ ಸರಿ ಎಂದ: ಗುಂಡು ಹಗುರ, ಬಾಣದ ಹಾಗೆ ನೇರ ಹೋಗುತ್ತದೆ. ಎಲ್ಮರ್ ಫ್ರೀಸನ್ ದಪ್ಪ ನಳಿಗೆಯ ಪಕ್ಷ: ಗುಂಡು ನಿಧಾನವಾದರೂ ತಾಗಿದರೆ ಪ್ರಾಣಿ ಅಲ್ಲೇ ಬೀಳಬೇಕು, ನರಳಬಾರದು, ಅಪರೂಪಕ್ಕೊಂದು ಮೊಲ ಸಿಕ್ಕರೆ ಅಡುಗೆಗೂ ಆಯಿತು. ಎಲ್ಮರನದು ಆಯುಧವೇ ಬೇಡವೆನ್ನುವ ಕ್ರೈಸ್ತ ಮತ, ಅದರವರು ಬಂದೂಕು ಮುಟ್ಟಿ ಎಷ್ಟೋ ತಲೆಮಾರಾಗಿತ್ತು, ಆದ್ದರಿಂದ ಅವನ ಅಭಿಪ್ರಾಯಕ್ಕೆ ಅನುಭವದ ಅಡ್ಡಿಯೇನೂ ಇರಲಿಲ್ಲ. ನಳಿಗೆ ಮಡಚಿ ಸ್ಪ್ರಿಂಗ್ ಎಳೆಯುವುದೋ, ಸಿಲಿಂಡರಿಗೆ ಮೊದಲೇ ಗಾಳಿ ತುಂಬಿಟ್ಟುಕೊಳ್ಳುವುದೋ ಎಂಬಲ್ಲಿಗೆ ಬರುವಾಗ ಇಬ್ಬರಿಗೂ ಮಾತು ಬಿಟ್ಟುಹೋಗಿತ್ತು. ಒಬ್ಬರಿಗೊಬ್ಬರು ಹೇಳಬೇಕಾದ್ದನ್ನು ಓರೆಸ್ಟನ ಮೂಲಕ ಹೇಳಿಸುತ್ತಿದ್ದರು.

ಓರೆಸ್ಟ್ ಮೊದಲು ಕೊಂಡದ್ದು ಕಡಿಮೆ ವೇಗದ್ದು. ಗುಂಡಿನ ವೇಗ ಇಷ್ಟಕ್ಕಿಂತ ಕಡಿಮೆ ಇದ್ದರೆ ಆ ದೇಶದಲ್ಲಿ ಲೈಸೆನ್ಸ್ ಬೇಡ, ಯಾರನ್ನೂ ಕೇಳಬೇಕಾಗಿಲ್ಲ. ಹಿತ್ತಲಿನ ದೂರದ ಮೂಲೆಯಲ್ಲಿ ನಿಂತಿದ್ದ ಗೋಫರಿಗೆ ಗುರಿಯಿಟ್ಟು ಹೊಡೆದ. ಗುಂಡು ಅದರ ಹೊಟ್ಟೆಗೆ ತಾಗಿ ಕೆಳಗೆ ಬಿತ್ತಂತೆ. ಗೋಫರ್ ಅದನ್ನು ಎತ್ತಿಕೊಂಡು ಮೂಸಿ, ಕಾಳಲ್ಲವೆಂದು ಖಾತ್ರಿಯಾದ ಮೇಲೆ ಬಿಸಾಡಿತಂತೆ. ಇದು ಓರೆಸ್ಟನೇ ಹೇಳಿದ್ದು, ಎಷ್ಟು ನಂಬುತ್ತೀರೋ ನಿಮಗೆ ಬಿಟ್ಟಿದ್ದು. ಬಂದೂಕನ್ನು ಕಾರಿಗೆ ಹಾಕಿಕೊಂಡು ಅವನು ನೇರ ಪಟ್ಟಣದ ಬಂದೂಕಿನ ಅಂಗಡಿಗೆ ಹೋದ.

ಅಂಗಡಿಯವಳು ಸಮಾಧಾನದ ಹೆಂಗಸು. ಎಷ್ಟು ದೂರದಿಂದ ಹೊಡೆಯುತ್ತೀರಿ, ಅಕ್ಕಪಕ್ಕ ಮನೆಗಳಿವೆಯೇ, ಭುಜ ನೋವಿದೆಯೇ ಎಂದೆಲ್ಲ ವಿಚಾರಿಸಿ, ಕೊನೆಗೆ ದಪ್ಪ ನಳಿಗೆಯ, ಸಿಲಿಂಡರಿಗೆ ಪಂಪಿನಿಂದ ಗಾಳಿ ತುಂಬುವ ಒಂದನ್ನು ಕೈಗಿಟ್ಟಳು. ಹೊಡೆದರೆ ಭುಜಕ್ಕೆ ಒದೆಯುವುದಿಲ್ಲ, ಸದ್ದಿಲ್ಲ. ಓರೆಸ್ಟ್ ಅದನ್ನು ಭುಜಕ್ಕಿಟ್ಟು ನೋಡಿದ, ಎದುರಿಗೆ ತೂಗುಹಾಕಿದ್ದ ಜಿಂಕೆಯ ತಲೆಗೆ ಸಾರಿ ಹೇಳಿ ಗುರಿ ಹಿಡಿದ. ಇದೇ ಆಗಬೇಕೆಂದ. ಇದಕ್ಕೆ ಲೈಸೆನ್ಸ್ ಬೇಕು ಎಂದಳು ಅವಳು. ಲೈಸೆನ್ಸಿಗೆ ತರಬೇತಿ ಆಗಬೇಕು, ಪರಿಚಯದವರು ಒಳ್ಳೆಯವನೆಂದು ಹೇಳಬೇಕು, ಎಲ್ಲಕ್ಕಿಂತ ಮುಖ್ಯವಾಗಿ ಈ ಮನುಷ್ಯನ ಕೈಗೆ ಬಂದೂಕು ಕೊಡಬಹುದೇ ಎಂದು ಹೆಂಡತಿಯನ್ನು ಕೇಳುತ್ತಾರೆ. ಬಿಟ್ಟು ಹೋಗಿದ್ದರೂ ಕೇಳುತ್ತಾರೆ.

"ಮದುವೆಯಾಗಿದೆಯಾ?"

"ಆಗಿದೆ."

"ಒಟ್ಟಿಗೇ ಇದೀರಾ?"

"ನೆಲಮಾಳಿಗೆ ಒದ್ದೆಯಾಗಿತ್ತು" ಅಂದ ಓರೆಸ್ಟ್.

ಅವಳು ಅರ್ಜಿಯ ಹಾಳೆ ಮುಂದಿಟ್ಟಳು. ಓರೆಸ್ಟ್ ತರಬೇತಿ ಮುಗಿಸಿದ, ಅರ್ಜಿ ಹಾಕಿದ, ವೆರ್ನಾಳನ್ನು ವಿಚಾರಿಸಲು ಐರಿಸಳ ಮನೆಯ ನಂಬರು ಕೊಟ್ಟ. ಕಾಫಿ ಸಾಲಿನಲ್ಲಿ ಇದು ದೊಡ್ಡ ಸುದ್ದಿಯಾಯಿತು. ಲಾರ್ನ್ ಕಪ್ಪು ಕೆಳಗಿಟ್ಟು ಅವನನ್ನೇ ದಿಟ್ಟಿಸಿದ.

"ಅಲ್ಲ ಕಣೋ, ಲೈಸೆನ್ಸ್ ಬೇಡದ ಬಂದೂಕು ಬೇಕಾದಷ್ಟು ನಮೂನೆ ಇವೆ. ಹತ್ತಿರ ಹೋಗಿ ಹೊಡೆದ್ರೆ ಸಾಕು. ಹೆಂಡ್ತೀನ ಕೇಳಲೇಬೇಕಾದ ಬಂದೂಕೇ ನಿಂಗ್ಯಾಕೆ ಬೇಕು?"

ಗುಂಡಿನ ತೂಕ ಮುಖ್ಯ ಎಂದ ಓರೆಸ್ಟ್. ಅವನ ಕಿವಿ ಕೆಂಪಾದದ್ದನ್ನು ಮೇಜಿನವರೆಲ್ಲ ನೋಡಿದರು, ಎಲ್ಮರ್ ಕೂಡ ಅವತ್ತು ಲಾರ್ನ್ ಹೇಳಿದ್ದಕ್ಕೆ ತಲೆಯಾಡಿಸಿದ.

ಮಂಗಳವಾರ ಬೆಳಿಗ್ಗೆ ಫೋನ್ ಮಾಡುತ್ತೇವೆ ಎಂದು ಲೈಸೆನ್ಸ್ ಕಚೇರಿಯವರು ತಿಳಿಸಿದ್ದರು. ಮುಂಚಿತವಾಗಿ ಹೇಳಿಡೋಣವೆಂದು ಓರೆಸ್ಟ್ ಅಂಗಿ ಬದಲಾಯಿಸಿಕೊಂಡು ಐರಿಸಳ ಮನೆಗೆ ಹೋದ. ಐರಿಸ್ ಪೇಟೆಗೆ ಹೋಗಿದ್ದಳು. ವೆರ್ನಾ ಬಾಗಿಲು ತೆಗೆದು, ಅಡುಗೆಮನೆಯಲ್ಲಿ ಕೂರಿಸಿ, ಆಲೂಗಡ್ಡೆ ಕಡುಬು ಬಿಸಿ ಮಾಡಿ ಮುಂದಿಟ್ಟಳು. ಅವನು ನಳಿಗೆಯ ದಪ್ಪ, ಗುಂಡಿನ ತೂಕ, ಪಂಪು ಎಷ್ಟು ಸಲ ಒತ್ತಬೇಕು ಎಲ್ಲವನ್ನೂ ಹೇಳಿದ. ಅವಳು ಕೇಳಿಸಿಕೊಂಡಳು. ಕುರ್ಚಿ ಎಳೆಯುವಾಗ ಅವನ ಮೊಣಕಾಲು ಮೇಜಿಗೆ ಬಡಿಯಿತು.

"ಸಾರಿ" ಅಂದ, ಮೇಜಿಗೆ.

"ಅದಕ್ಕಾದ್ರೆ ಹೇಳ್ತೀಯ ನೋಡು" ಅಂದಳು ವೆರ್ನಾ. "ಇಷ್ಟು ದೂರ ಗಾಡಿ ಓಡಿಸ್ಕೊಂಡು ಬಂದು, ಐರಿಸ್ ಮನೆ ಮೇಜಿಗೆ."

ಅಷ್ಟರಲ್ಲಿ ಫೋನ್ ಬಂತು. ಐರಿಸಳಿಗೆ ಕಿವಿ ಮಂದ, ಆ ಫೋನಿನ ದನಿ ಇಡೀ ಅಡುಗೆಮನೆಗೆ ಕೇಳುತ್ತದೆ. ಅಧಿಕಾರಿ ಬಹಳ ಮರ್ಯಾದೆಯಿಂದ, ಓರೆಸ್ಟ್ ಪಲುಕ್ ಅವರಿಂದ ನಿಮಗೇನಾದರೂ ಅಪಾಯವಿದೆಯೇ ಎಂದು ಕೇಳಿದರು. ನನಗಿಲ್ಲ, ನನ್ನ ಕೌದಿಗಳಿಗಿದೆ ಎಂದಳು ವೆರ್ನಾ. ಸಿಟ್ಟಿನ ಸ್ವಭಾವವೇ ಎಂದು ಕೇಳಿದರು. ಸಿಟ್ಟು ಬಂದಿದ್ದರೆ ಎಷ್ಟೋ ವಾಸಿಯಿತ್ತು, ಬಾಯೇ ಇಲ್ಲ ಎಂದಳು. ಅಧಿಕಾರಿ ಸ್ವಲ್ಪ ಗೊಂದಲಕ್ಕೆ ಬಿದ್ದು, ಕೊನೆಯ ಪ್ರಶ್ನೆ ಎಂದರು. ಅರ್ಜಿದಾರರಿಗೆ ತಾವು ಏನಾಗಬೇಕು, ಈಗಿನ ಹೆಂಡತಿಯೋ, ಹಿಂದಿನವರೋ?

ವೆರ್ನಾ ಫೋನನ್ನು ಓರೆಸ್ಟನ ಕಡೆ ಚಾಚಿದಳು. "ನೀನೇ ಹೇಳು."

ಓರೆಸ್ಟ್ ಫೋನ್ ತೆಗೆದುಕೊಂಡ. ಅವನು ನೋಡುತ್ತಿದ್ದದ್ದು ವೆರ್ನಾಳನ್ನು. ಗಂಟಲಲ್ಲಿ ಇಷ್ಟು ದಿನ ಸಿಕ್ಕಿಕೊಂಡದ್ದು ಅದು ಹೇಗೋ ಕಿತ್ತುಕೊಂಡು ಹೊರಗೆ ಬಂತು.

"ಸಾರಿ."

ಸರಿಯಾಗಿ ಕೇಳಿಸಲಿಲ್ಲವೇನೋ ಎಂದುಕೊಂಡ ಅಧಿಕಾರಿ ದನಿ ಏರಿಸಿದರು: "ಈಗಿನ ಹೆಂಡತಿಯೋ, ಹಿಂದಿನವರೋ?"

"ಸಾರಿ, ವೆರ್ನಾ" ಅಂದ ಓರೆಸ್ಟ್. ಅವನ ಕಣ್ಣು ತುಂಬಿತ್ತು.

ಅಧಿಕಾರಿ ಈಗ ಮಕ್ಕಳಿಗೆ ಹೇಳಿಕೊಡುವ ಹಾಗೆ ಒಂದೊಂದೇ ಅಕ್ಷರ ಬಿಡಿಸಿ ಕೂಗಿದರು: "ಈ–ಗಿ–ನ ಹೆಂ–ಡ–ತಿ–ಯೋ..."

"ನಿಜವಾಗ್ಲೂ ಸಾರಿ" ಅಂದ ಇವನು.

ವೆರ್ನಾಳಿಗೆ ನಗು ತಡೆಯಲಾಗಲಿಲ್ಲ. ಮೇಜಿಗೆ ಆತುಕೊಂಡು, ಏಪ್ರನ್ನಿನಿಂದ ಕಣ್ಣೊರೆಸಿಕೊಂಡು, ಸಾಕಾಗುವಷ್ಟು ನಕ್ಕಳು. ಅತ್ತ ಅಧಿಕಾರಿ ಹಲೋ ಹಲೋ ಅನ್ನುತ್ತಲೇ ಇದ್ದರು. ಕೊನೆಗೆ ಅವಳು ಗಂಡನ ಕೈಯಿಂದ ಫೋನ್ ತೆಗೆದುಕೊಂಡಳು.

"ಈಗಿನ ಹೆಂಡ್ತಿ ಅಂತ ಬರ್ಕೊಳ್ಳಿ."

ಬರೆದುಕೊಂಡೆ, ಹಾಗಾದರೆ ತಮ್ಮ ಆಕ್ಷೇಪಣೆ ಏನೂ ಇಲ್ಲವಲ್ಲ ಎಂದು ಅಧಿಕಾರಿ ನಿಟ್ಟುಸಿರು ಬಿಟ್ಟರು.

"ಇದೆ" ಅಂದಳು ವೆರ್ನಾ. "ಒಂದು ಪೈಪು ಕೊಟ್ಟಿದ್ದಕ್ಕೇ ಮನೆ ಮುಳುಗಿಸಿದಾನೆ. ನಾನು ಇವನ ಜೊತೆ ಅದೇ ಮನೇಲಿರ್ಬೇಕು. ದಯವಿಟ್ಟು ಬಂದೂಕು ಕೊಡ್ಬೇಡಿ."

ಫೋನ್ ಇಟ್ಟು, ತನ್ನ ಕೋಟು ಹುಡುಕಲು ಒಳಗೆ ಹೋದಳು.